ಜಾಕೆಟಿನ ಮೊಣಕೈ

ಶಿರಸಿಯ ಯಲ್ಲಾಪುರ ನಾಕೆ ದಾಟಿ ನೂರು ಹೆಜ್ಜೆ ಹೋದರೆ ಬಲಕ್ಕೆ ಗಾಜಿನ ಗೋಡೆಯ ಒಂದು ಮೋಟಾರ್ ಸೈಕಲ್ ಶೋರೂಮು ಇದೆ. ಕೆಳಗೆ ಗಾಡಿಗಳು. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಮೇಲೆ ಗಾಡಿ ಕಂಪನಿಯದೇ ಬಟ್ಟೆಬರೆ: ಜಾಕೆಟು, ಕೈಗವಸು, ಬೂಟು, ಹೆಲ್ಮೆಟ್ಟು, ಎದೆಯ ಮೇಲೆ ಕಂಪನಿಯ ಹೆಸರು ಬರೆದ ಟೀ ಶರ್ಟು, ಅದೇ ಹೆಸರಿನ ಚಹಾದ ಕಪ್ಪು, ಕೀಲಿಗೊಂಚಲು. ಆ ಹದಿನಾಲ್ಕು ಮೆಟ್ಟಿಲಿನ ಕೆಳಗೆ, ಒಂದು ಮಂಚ ಹಿಡಿಯುವಷ್ಟು ಜಾಗದಲ್ಲಿ, ಪಾರ್ವತವ್ವ ಐದು ವರ್ಷ ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತಿದ್ದಳು.

ಅವಳು ಬನವಾಸಿ ಕಡೆಯವಳು. ಮದುವೆಯಾಗಿ ಶಿರಸಿಗೆ ಬಂದಾಗ ಹತ್ತೊಂಬತ್ತು ವರ್ಷ. ಗಂಡ ಗಾಡಿಗಳ ಸೀಟಿಗೆ ರೆಕ್ಸಿನ್ ಹೊದಿಸುವವನು. ರೆಕ್ಸಿನ್ ಜಗ್ಗಿ ಹಿಡಿಯಲು ತನ್ನೆರಡು ಕೈ ಸಾಲದೆ ಅವಳನ್ನು ಕರೆದ. ಹಿಡಿಯಲು ಹೋದವಳು ಹೊಲಿಯಲು ಕಲಿತಳು. ಬರಬರುತ್ತ ಹೊಲಿಯುವವಳು ಅವಳೇ ಆದಳು, ಜಗ್ಗಿ ಹಿಡಿಯುವವನು ಅವನಾದ. ಅವನು ತೀರಿಕೊಂಡ ಮರುವರ್ಷ ರಸ್ತೆ ಅಗಲ ಮಾಡುವವರು ಆ ಅಂಗಡಿಸಾಲನ್ನೇ ಕೆಡವಿದರು. ಯಂತ್ರ ಮನೆಗೆ ಬಂದು ಅದರ ಮೇಲೆ ಹಾಸಿಗೆ ಸುರುಳಿ ಕುಳಿತಿತು.

ಶೋರೂಮಿನ ಯಜಮಾನ ಚಿರಂತನ ಇನ್ನೂ ಮೂವತ್ತೆರಡರ ಹುಡುಗ. ಕಂಪನಿಯವರು ಗಾಡಿಯ ಜೊತೆಗೆ ಬಟ್ಟೆಯನ್ನೂ ಮಾರಬೇಕು ಎಂದಾಗ ಮೇಲೆ ಕಪಾಟು ಹಾಕಿಸಿದ. ಬಂದ ಜಾಕೆಟುಗಳೆಲ್ಲ ಆರಡಿ ಆಳುಗಳ ಅಳತೆಯವು. ನಮ್ಮ ಕಡೆಯ ಹುಡುಗರು ತೊಟ್ಟರೆ ಬೆರಳ ತುದಿ ಕೂಡ ಕಾಣದು. ಒಂದೇ ವಾರದಲ್ಲಿ ಮೂರು ವಾಪಸು ಬಂದವು. ಆಗ ಅವನಿಗೆ ತನ್ನ ಅಪ್ಪನ ಸ್ಕೂಟರಿನ ಸೀಟು ಹೊಲಿದವಳ ನೆನಪಾಗಿ, ಒಂದು ಜಾಕೆಟು ಹಿಡಿದುಕೊಂಡು ಅವಳ ಮನೆಗೆ ಹೋದ.

“ಪಾರ್ವತವ್ವಾ, ಇದರ ತೋಳು ಗಿಡ್ಡ ಮಾಡೂಕೆ ಆಗ್ತದಾ?”

ಪಾರ್ವತವ್ವ ಅದನ್ನು ತೊಡೆಯ ಮೇಲೆ ಹರಡಿ, ಒಳಗೆ ಹೊರಗೆ ಸವರಿ, ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದಳು.

“ಇದು ಬಟ್ಟಿ ಅಲ್ಲ ತಮ್ಮಾ. ಸೀಟು. ತೋಳು ಇರೋ ಸೀಟು. ಆಗತೈತಿ.”

ಹೀಗೆ ಯಂತ್ರ ಮೆಟ್ಟಿಲ ಕೆಳಗೆ ಬಂತು. ಅವಳಿಗೂ ಕಂಪನಿಯ ಒಂದು ಟೀ ಶರ್ಟು ಕೊಟ್ಟರು. ಸೀರೆಯ ಮೇಲೆ ಅದನ್ನು ತೊಡಲು ಒಪ್ಪದೆ, ಎದೆಯ ಹೆಸರಿನ ಭಾಗವನ್ನು ನೀಟಾಗಿ ಕತ್ತರಿಸಿ ತನ್ನ ಸಂತೆ ಚೀಲಕ್ಕೆ ಹೊಲಿದುಕೊಂಡಳು. ಉಳಿದ ಬಟ್ಟೆ ಯಂತ್ರ ಒರೆಸಲು ಆಯಿತು.

ಮೇಲಿನ ಬಟ್ಟೆ ಮಾರುವವಳು ರೋಹಿಣಿ. ಸಿದ್ದಾಪುರ ತಾಲೂಕು ಮನ್ಮನೆಯವಳು, ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ. ಬಾಯಿ ಚುರುಕು. ಯಾರು ಗಾಡಿ ಇಟ್ಟವರು, ಯಾರು ಬರೀ ಟೀ ಶರ್ಟಿಗೆ ಬಂದವರು ಎಂದು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. “ಸಿದ್ದಾಪುರದಲ್ಲಿ ಈ ಕಂಪನಿ ಅಂಗಿ ಹಾಕ್ಕಂಡವ್ರು ನೂರು ಜನ ಇದ್ದಾರೆ ಪಾರ್ವತವ್ವಾ. ಗಾಡಿ ಇರೂದು ಆರು.” ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಕೆಳಗೆ ಡಬ್ಬಿ ಬಿಚ್ಚುತ್ತಿದ್ದರು. ಒಬ್ಬಳದು ರೊಟ್ಟಿ, ಒಬ್ಬಳದು ಅನ್ನ, ಅರ್ಧರ್ಧ. ಹೊಸ ಗಾಡಿ ಹೊರಗೆ ಹೋಗುವಾಗ ಚಕ್ರದಡಿ ಲಿಂಬೆಹಣ್ಣು ಚಟ್ಟೆಂದು ಒಡೆಯುತ್ತಿತ್ತು, ಪೇಢೆಯ ಪೆಟ್ಟಿಗೆ ಮೊದಲು ಪಾರ್ವತವ್ವನ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅವಳಿಗೆ ಒಂದು ಕೋಣೆ, ಒಂದು ರೇಡಿಯೋ. ಈ ಮೆಟ್ಟಿಲ ಕೆಳಗಿನ ಜಾಗ ಅವಳಿಗೆ ಬರೀ ದುಡಿಮೆಯ ಜಾಗವಾಗಿರಲಿಲ್ಲ. ಭಾನುವಾರ ಶೋರೂಮಿಗೆ ರಜೆ ಎಂದರೆ ಅವಳಿಗೆ ಆ ದಿನ ಕಳೆಯುವುದೇ ಕಷ್ಟವಾಗುತ್ತಿತ್ತು.

ಇಂಥ ಜಾಕೆಟಿನ ತೋಳಿನೊಳಗೆ, ಮೊಣಕೈಯ ಜಾಗದಲ್ಲಿ, ಅಂಗೈ ಅಗಲದ ಒಂದು ಗಟ್ಟಿ ದಿಂಡು ಇರುತ್ತದೆ. ಬಿದ್ದರೆ ಮೊಣಕೈ ನೆಲಕ್ಕೆ ತಾಗದಿರಲಿ ಎಂದು. ಮೊದಲ ವರ್ಷ ಪಾರ್ವತವ್ವ ಅದರ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ತೋಳು ಉದ್ದವಾದರೆ ಮುಂಗೈ ಕಡೆಯಿಂದ ಕತ್ತರಿಸಿ, ಮಡಚಿ ಹೊಲಿಯುವುದು. ಎಲ್ಲ ದರ್ಜಿಗಳೂ ಮಾಡುವುದು ಅದನ್ನೇ.

ಆ ವರ್ಷ ಭೈರುಂಬೆಯ ಅಭಿಜ್ಞಾ ಎಂಬ ಹುಡುಗಿ ಗಾಡಿ ಕೊಂಡಳು. ಹಳ್ಳಿ ಹಳ್ಳಿ ತಿರುಗಿ ಜೇನುಪೆಟ್ಟಿಗೆ ನೋಡುವ ಕೆಲಸ ಅವಳದು. ಹೆಂಗಸರ ಅಳತೆಯ ಜಾಕೆಟು ಶಿರಸಿಗೆ ಬರುತ್ತಿರಲಿಲ್ಲ; ಗಂಡಸರದರಲ್ಲೇ ಚಿಕ್ಕದನ್ನು ಆರಿಸಿದಳು. ಅದನ್ನು ಸರಿ ಮಾಡಿಸಲು ಅವಳಿಗೆ ಬಿಡುವಿಲ್ಲದೆ ತಾಯಿ ತಂದಳು. ಜಾಕೆಟಿನ ಜೊತೆ ಪೇಪರಿನಲ್ಲಿ ಸುತ್ತಿದ ಮಗಳ ಒಂದು ಕುಪ್ಪಸ.

“ಅಳತೆ ಕುಪ್ಪಸ ತಂದಿದ್ದೆ. ಇದರ ಮೇಲೆ ನೋಡಿ ಹೊಲಿದುಬಿಡಿ.”

ಪಾರ್ವತವ್ವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಳತೆ ಕುಪ್ಪಸ ಕಳಿಸಿದರೆ ಹೆಂಗಸೇ ಬಂದ ಹಾಗೆ. ಅವಳ ತಾಯಿಯ ಕಾಲದಿಂದ ನಡೆದುಬಂದದ್ದು ಹಾಗೆಯೇ. ಎದೆ, ಬೆನ್ನು, ಭುಜ ಕುಪ್ಪಸದಿಂದ ಹಿಡಿದಳು. ಕುಪ್ಪಸದ ತೋಳು ಮೊಣಕೈಗಿಂತ ನಾಲ್ಕು ಬೆರಳು ಮೇಲೇ ಮುಗಿದಿತ್ತು. ಮುಂದಿನದಕ್ಕೆ ತಾಯಿಯನ್ನೇ ಕೇಳಿದಳು.

“ಮಗಳು ಎಷ್ಟು ಎತ್ತರ ಅದಾಳ್ರಿ?”

“ಎನಗಿಂತ ಎರಡು ಬೆರಳು ಹೆಚ್ಚಿಕ್ಕು.”

ತಾಯಿಯ ತೋಳಿಗೆ ಎರಡು ಬೆರಳು ಕೂಡಿಸಿ ಮುಂಗೈಯಲ್ಲಿ ಕತ್ತರಿಸಿದಳು. ನೋಡಲು ಚೆನ್ನಾಗಿಯೇ ಕುಳಿತಿತು.

ಎರಡು ತಿಂಗಳ ಮೇಲೆ ಸಹಸ್ರಲಿಂಗದ ಕಡೆಯ ತಿರುವಿನಲ್ಲಿ ಜಲ್ಲಿಕಲ್ಲಿನ ಮೇಲೆ ಅಭಿಜ್ಞಾಳ ಗಾಡಿ ಜಾರಿತು. ಎಡಗೈಯ ಮೊಣಕೈ ಸಿಪ್ಪೆ ಸುಲಿದು ಎಂಟು ಹೊಲಿಗೆ ಬಿದ್ದವು. ಕಟ್ಟಿದ ಕೈಯಲ್ಲೇ ಅವಳು ಶೋರೂಮಿಗೆ ಬಂದದ್ದು ಜಗಳಕ್ಕಲ್ಲ, ಹರಿದ ತೋಳಿಗೆ ತೇಪೆ ಹಾಕಿಸಲು.

“ಅಡ್ಡಿಲ್ಲೆ ಪಾರ್ವತವ್ವಾ, ಜಾಕೆಟ್ ಇಲ್ದೇ ಇದ್ರೆ ಎಂತ ಆಗ್ತಿತ್ತೇನ.”

ಪಾರ್ವತವ್ವ ತೋಳನ್ನು ಒಳಹೊರಗು ಮಾಡಿದಳು. ಹರಿದ ಜಾಗ ಒಂದು ಕಡೆ. ಅದಕ್ಕಿಂತ ಮೂರು ಬೆರಳು ಕೆಳಗೆ ದಿಂಡು. ಆ ದಿಂಡಿನ ಮೇಲೆ ಒಂದು ಗೀರೂ ಇರಲಿಲ್ಲ, ಪೆಟ್ಟಿಗೆಯಿಂದ ತೆಗೆದ ದಿನ ಇದ್ದ ಹಾಗೆಯೇ ಇತ್ತು. ಅವಳು ಆ ಹುಡುಗಿಗೆ ನೀರು ಕೊಟ್ಟು, ಸ್ಟೂಲು ಕೊಟ್ಟು, ತಾನು ನಿಂತೇ ಇದ್ದಳು.

“ನನ್ನ ತಪ್ಪು ಐತವ್ವಾ ಇದು.”

“ಛೇ, ಬಿದ್ದವಳು ಆನು. ನಿಮ್ಮ ತಪ್ಪು ಎಂತಕ್ಕೆ?”

“ನೀ ಬಿದ್ದದ್ದು ನಿಂದು. ಇದು ಕೆಳಗ ಉಳಿದದ್ದು ನಂದು.”

ನಾಲ್ಕು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಮುಂಗೈ ಕಡೆಯಿಂದ ಎಷ್ಟು ಕತ್ತರಿಸಿದರೂ ದಿಂಡು ಇದ್ದಲ್ಲೇ ಇರುತ್ತದೆ, ಭುಜದ ಹೊಲಿಗೆ ಬಿಚ್ಚಿ ಮೇಲಿನಿಂದ ಕತ್ತರಿಸಿದರೆ ಮಾತ್ರ ಮೇಲೆ ಬರುತ್ತದೆ ಎಂದು ಕಂಡುಕೊಂಡಳು. ಅದು ಅರ್ಧ ದಿನದ ಕೆಲಸ, ಭುಜದ ಬಾಗು ಹೊಸದಾಗಿ ತೆಗೆಯಬೇಕು, ಅಸ್ತರು ಬೇರೆ ಕೂಡಿಸಬೇಕು. ನಿಂತವರ ಕೈಗೂ ಗಾಡಿಯ ಮೇಲೆ ಕುಳಿತವರ ಕೈಗೂ ಒಂದು ಬೆರಳು ವ್ಯತ್ಯಾಸ ಬರುತ್ತದೆ ಎಂಬುದನ್ನೂ ಕಂಡಳು. ಅಂದಿನಿಂದ ಬಂದವರನ್ನು ಶೋರೂಮಿನ ಗಾಡಿಯ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿಸಿ, “ಕೈ ಮಡಚ್ರಿ” ಎಂದು ಬೆರಳಿಟ್ಟು ನೋಡಿಯೇ ಸೀಮೆಸುಣ್ಣ ಎತ್ತುತ್ತಿದ್ದಳು. ಯಾರಾದರೂ ತಮ್ಮನ ಜಾಕೆಟು, ಗಂಡನ ಜಾಕೆಟು ಎಂದು ತಂದರೆ, “ಮೊಣಕೈ ತರ್ರಿ, ಆಮ್ಯಾಲೆ ಜಾಕೆಟು” ಎಂದು ತಿರುಗಿಸಿ ಕಳಿಸುತ್ತಿದ್ದಳು.

ಅಷ್ಟಕ್ಕೇ ಬಿಡಲಿಲ್ಲ. ಹಳೆಯ ರೀತಿಯಲ್ಲಿ ಹೊಲಿದ ಜಾಕೆಟು ಅಭಿಜ್ಞಾಳದು ಬಿಟ್ಟು ಇನ್ನೂ ಹನ್ನೊಂದು ಇದ್ದವು. ರೋಹಿಣಿಗೆ ಬೆನ್ನುಬಿದ್ದು ಎಲ್ಲರಿಗೂ ಫೋನು ಮಾಡಿಸಿದಳು. ಒಂಬತ್ತು ಮಂದಿ ಬಂದರು. ಯಲ್ಲಾಪುರ ತಾಲೂಕು ವಜ್ರಳ್ಳಿಯ ಸತೀಶ ಮಾತ್ರ “ನಾ ಅದನ್ನ ಫೋಟೋಕ್ಕೆ ತಗಂಡದ್ದು, ಬೀಳೂಕಲ್ಲ” ಎಂದು ನಕ್ಕುಬಿಟ್ಟ. ಪಾರ್ವತವ್ವ ಎರಡು ಬಸ್ಸು ಬದಲಿಸಿ ಅವನ ಅಂಗಳಕ್ಕೇ ಹೋಗಿ ನಿಂತಳು. ಅವನು ಅಡಿಕೆ ಕೊನೆ ಇಳಿಸುವ ಹಗ್ಗ ಸುತ್ತಿಡುತ್ತಿದ್ದ.

“ಅಮ್ಮಾ, ನೀವು ಇಷ್ಟಕ್ಕೇ ಶಿರಸಿಯಿಂದ ಬಂದ್ರಾ? ನಾ ಬೀಳೂದಿಲ್ಲ ಬಿಡಿ.”

“ಬೀಳೋದು ಹೇಳಿ ಬರತೈತೇನಪ್ಪಾ? ಗಾಡಿ ಮ್ಯಾಲೆ ಕುಂದ್ರು. ಕೈ ಮಡಚು.”

ಅಳತೆ ಹಿಡಿದು, ಜಾಕೆಟು ತಂದು, ಮುಂದಿನ ವಾರ ಅದೇ ಎರಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಳು. ಹನ್ನೊಂದನೆಯವನ ಫೋನು ಬದಲಾಗಿತ್ತು. ಅವನ ಮುಖವೂ ಯಾರಿಗೂ ನೆನಪಿಲ್ಲ, ಜಾಕೆಟು ಕಪ್ಪು ಎಂಬುದಷ್ಟೇ ಗೊತ್ತು. ಅವನು ಇವತ್ತಿಗೂ ಸಿಕ್ಕಿಲ್ಲ. ರಸ್ತೆಯಲ್ಲಿ ಕಪ್ಪು ಜಾಕೆಟಿನವನು ಹೋದರೆ ಪಾರ್ವತವ್ವನ ಕಣ್ಣು ಅವನ ಮುಖಕ್ಕೆ ಹೋಗುವುದಿಲ್ಲ, ಮೊಣಕೈಗೆ ಹೋಗುತ್ತದೆ.

ಹೀಗೆ ನಾಲ್ಕು ವರ್ಷ ನಡೆಯಿತು. ಹೋದ ಮಾರ್ಚಿನಲ್ಲಿ ಕಂಪನಿಯ ಬಟ್ಟೆ ವಿಭಾಗ ನೋಡುವ ನಮಿತಾ ಮೇಡಂ ಹುಬ್ಬಳ್ಳಿಯಿಂದ ತಮ್ಮ ಗಾಡಿಯಲ್ಲೇ ಬಂದರು. ಮೂವತ್ತೈದರ ಆಸುಪಾಸು, ಮಾತು ಮೆದು. ಮೇಲೆ ಹೋಗಿ ಕಪಾಟು ನೋಡಿದರು, ಕಡತ ನೋಡಿದರು.

“ಬೇರೆ ಊರಲ್ಲಿ ಹತ್ತು ಜಾಕೆಟಲ್ಲಿ ಮೂರು ವಾಪಸ್ ಬರ್ತಾವೆ ರೋಹಿಣಿ. ನಿಮ್ಮಲ್ಲಿ ಒಂದೂ ಇಲ್ಲ. ಏನು ಕಾರಣ?”

ರೋಹಿಣಿಗೆ ಹೆಮ್ಮೆ ತಡೆಯಲಾಗಲಿಲ್ಲ. “ಕಾರಣ ಕೆಳಗೆ ಕೂತಿದೆ ಮೇಡಂ, ಬನ್ನಿ ತೋರಿಸ್ತೆ” ಎಂದು ಹದಿನಾಲ್ಕು ಮೆಟ್ಟಿಲು ಇಳಿಸಿಕೊಂಡು ಬಂದಳು.

ಮೇಡಂ ಯಂತ್ರ ನೋಡಿದರು. ಗೂಟಕ್ಕೆ ತೂಗುಹಾಕಿದ್ದ ಏಳು ಜಾಕೆಟು ನೋಡಿದರು. ಒಂದರ ತೋಳು ಭುಜದಿಂದ ಬಿಚ್ಚಿ ಬೇರೆಯೇ ಬಿದ್ದಿತ್ತು. ಅವರ ಮುಖ ನೋಡಿಯೇ ರೋಹಿಣಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು. ಕಂಪನಿಯ ಹೊಲಿಗೆ ಅಂಗಡಿಯಲ್ಲಿ ಬಿಚ್ಚಬಾರದು. ಬಿಚ್ಚಿದರೆ ಆ ಬಟ್ಟೆಯ ಹೊಣೆ ಕಂಪನಿಯದಲ್ಲ. ಚಿರಂತನನಿಗೆ ಅದು ಗೊತ್ತಿತ್ತು. ಅವನು ನೆಲದ ಟೈಲ್ಸು ನೋಡುತ್ತ ನಿಂತ.

“ಇವರ ಕೆಲಸ ಚೆನ್ನಾಗಿದೆ, ಅದು ಕಾಣ್ತದೆ” ಎಂದರು ಮೇಡಂ. ಪೆನ್ನು ತೆಗೆದು ಪಾರ್ವತವ್ವನ ಕಡೆ ತಿರುಗಿದರು. “ಒಂದೇ ಒಂದು ಕೇಳ್ತೀನಿ ಅಮ್ಮಾ. ನೀವು ಹೊಲಿದದ್ದು ಹಾಕಿಕೊಂಡು ಯಾರಿಗಾದರೂ ಪೆಟ್ಟಾಗಿದೆಯಾ?”

ಮೇಡಂ ಬೆನ್ನ ಹಿಂದೆ ರೋಹಿಣಿ ತಲೆ ಅಲ್ಲಾಡಿಸಿದಳು. ಇಲ್ಲ ಅನ್ನಿ, ಇಲ್ಲ ಅನ್ನಿ. ಪಾರ್ವತವ್ವನಿಗೆ ಅದು ಕಂಡಿತು. ಇಲ್ಲ ಎಂದರೆ ಪೆನ್ನು ಮತ್ತೆ ಜೇಬಿಗೆ ಹೋಗಬಹುದು, ಯಂತ್ರ ಇದ್ದಲ್ಲೇ ಇರಬಹುದು ಎಂಬುದೂ ತಿಳಿಯಿತು.

“ಆಗೇತ್ರಿ” ಎಂದಳು. “ಒಬ್ಬಾಕಿಗೆ. ಭೈರುಂಬಿ ಹುಡುಗಿ. ಎಡಗೈ ಮೊಣಕೈ, ಎಂಟು ಹೊಲಿಗಿ.” ಅಳತೆ ಕುಪ್ಪಸದಿಂದ ಹಿಡಿದು ಹನ್ನೊಂದನೆಯ ಜಾಕೆಟಿನವರೆಗೆ ಒಂದನ್ನೂ ಬಿಡದೆ ಹೇಳಿದಳು.

ಮೇಡಂ ಎಲ್ಲ ಕೇಳಿದರು. ಬರೆದುಕೊಂಡರು.

“ಇಷ್ಟು ಗೊತ್ತಾದಮೇಲೆ ಇದು ಇಲ್ಲಿ ಇರಲಿ ಅನ್ನೋಕೆ ನನ್ನಿಂದ ಆಗೋದಿಲ್ಲ ಅಮ್ಮಾ. ಒಂದು ವಾರದಲ್ಲಿ ಜಾಗ ಖಾಲಿ ಆಗಬೇಕು.”

“ಆತ್ರಿ. ಈ ಏಳು ಮುಗಿಸಿ ಹೋಗ್ತೀನಿ.” ಪಾರ್ವತವ್ವ ಎದ್ದು ನಿಂತಳು. “ನಿಮ್ಮ ಕೈ ಒಂದು ಸಲ ಮಡಚ್ರಿ.”

ಮೇಡಂ ತೊಟ್ಟದ್ದೂ ಅದೇ ಕಂಪನಿಯ ಜಾಕೆಟು. ಏನೆಂದು ಅರಿಯದೆ ಮಡಚಿದರು. ಪಾರ್ವತವ್ವ ತೋಳಿನ ಮೇಲೆ ಬೆರಳಿಟ್ಟು ದಿಂಡು ಹುಡುಕಿದಳು. ಎರಡೂವರೆ ಬೆರಳು ಕೆಳಗಿತ್ತು.

“ಹುಬ್ಬಳ್ಳಿ ತನಕ ಸಾವಕಾಶ ಹೋಗ್ರಿ” ಎಂದಳು, ಅಷ್ಟೇ.

ಗಾಡಿ ಆಚೆ ಹೋದದ್ದೇ ತಡ ರೋಹಿಣಿ ಅಳುತ್ತ ಬೈಯಲು ಶುರು ಮಾಡಿದಳು. “ಒಂದು ‘ಇಲ್ಲ’ ಅಂದಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು? ಬಾಯಿ ಇದ್ದದ್ದು ನಂದು, ಮುಚ್ಚಬೇಕಾಗಿದ್ದು ನಾನು, ಸರಿ. ನೀವಾದ್ರೂ?”

“ಇಲ್ಲ ಅಂದ್ರ ಆ ಹುಡುಗಿ ಕೈ ಮ್ಯಾಲಿನ ಗುರುತು ಹೋಗತೈತೇನು? ಅಳಬ್ಯಾಡ. ದಾರ ಪೋಣಿಸಿ ಕೊಡು, ನನಗ ಕಣ್ಣು ಮಂಜ ಆಗ್ಯಾವು.”

ಎದುರು ಬದಿಗೆ ಕೆರಿಯಪ್ಪನ ಪಂಕ್ಚರ್ ಅಂಗಡಿ. ನಾಲ್ಕು ಕಂಬ, ಮೇಲೆ ತಗಡು. ಅವನು ತಾನಾಗಿಯೇ ರಸ್ತೆ ದಾಟಿ ಬಂದ. “ಬಾರೇ ಪಾರ್ವತವ್ವಾ, ಒಂದು ಕಂಬ ನಿಂಗೆ. ನಾ ಟ್ಯೂಬಿಗೆ ತೇಪೆ ಹಾಕ್ತೆ, ನೀ ತೋಳಿಗೆ ಹಾಕು. ಕಂಪನಿಯವ್ರು ಇಲ್ಲಿಗೆ ಬಂದ್ರೆ ಗಾಳಿ ಹೊಡ್ದು ಕಳಿಸ್ತೆ.” ಏಳು ಜಾಕೆಟು ಮುಗಿದ ದಿನ ಯಂತ್ರವನ್ನು ತಳ್ಳುಗಾಡಿಗೆ ಏರಿಸಿದರು. ಚಿರಂತನ ನಡುರಸ್ತೆಗೆ ನಿಂತು ಎರಡು ಕಡೆಯ ಬಸ್ಸು ನಿಲ್ಲಿಸಿದ. ಯಂತ್ರ ಇಳಿಸುವಾಗ ಭಾರದ ಬದಿ ತಾನೇ ಹಿಡಿದ.

ತಗಡಿನ ಕೆಳಗೆ ಬೇಸಗೆಯ ಕಾವು. ಕತ್ತರಿಸಿದ ಬಟ್ಟೆಯ ಮೇಲೆ ರಸ್ತೆಯ ಧೂಳು. ಮೊದಲ ಎರಡು ವಾರ ಯಾರೂ ಬರಲಿಲ್ಲ. ಪಾರ್ವತವ್ವ ಯಂತ್ರಕ್ಕೆ ಎಣ್ಣೆ ಹಾಕುವುದು, ಒರೆಸುವುದು, ಎದುರಿನ ಗಾಜಿನೊಳಗೆ ಮೆಟ್ಟಿಲ ಕೆಳಗೆ ತನ್ನ ಜಾಗದಲ್ಲಿ ಈಗ ನಿಲ್ಲಿಸಿದ ಜಾಹೀರಾತಿನ ದೊಡ್ಡ ಬೆಟ್ಟದ ಚಿತ್ರ ನೋಡುವುದು. ಲಿಂಬೆಹಣ್ಣು ಒಡೆಯುವುದು ಇಲ್ಲಿಂದ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ರೋಹಿಣಿ ಮಧ್ಯಾಹ್ನದ ಡಬ್ಬಿ ಹಿಡಿದು ರಸ್ತೆ ದಾಟಿ ಬರತೊಡಗಿದಳು. ಅಷ್ಟೇ ಅಲ್ಲ, ಮೇಲೆ ಯಾರೇ ಜಾಕೆಟು ತೊಟ್ಟು ಕನ್ನಡಿ ನೋಡಿದರೂ “ಕೈ ಮಡಚಿ” ಎನ್ನುವಳು. ದಿಂಡು ಕೆಳಗಿದ್ದರೆ ಬಾಯಿಬಿಟ್ಟು ಏನೂ ಹೇಳದೆ ಗಾಜಿನಾಚೆ ಎದುರಿಗೆ ನೋಡುವಳು. ಅವರೂ ನೋಡುವರು. ಮೂರನೆಯ ವಾರ ಒಬ್ಬ ಬಂದ, ಮರುದಿನ ಇಬ್ಬರು.

ಮೇ ತಿಂಗಳಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರು ಶೋರೂಮಿಗೆ ಒಂದು ಪಾರ್ಸೆಲ್ ಕೊಟ್ಟ. ಮೇಲೆ ಪಾರ್ವತವ್ವನ ಹೆಸರು. ರೋಹಿಣಿ ಓಡುತ್ತ ತಂದು ಬಿಚ್ಚಿದಳು. ಒಳಗೆ ನಮಿತಾ ಮೇಡಂ ಅವರ ಜಾಕೆಟು, ಮಡಚಿಟ್ಟ ಒಂದು ಹಳೆಯ ಕುರ್ತಾ, ಒಂದು ಚೀಟಿ. ರೋಹಿಣಿ ಗಟ್ಟಿಯಾಗಿ ಓದಿದಳು: “ಅಮ್ಮಾ, ಅಂದಿನಿಂದ ಗಾಡಿ ಹತ್ತಿದಾಗೆಲ್ಲ ಕೈ ಮಡಚಿ ನೋಡುತ್ತೇನೆ. ದಿಂಡು ಕೆಳಗೇ ಇದೆ, ನೀವು ಹೇಳಿದ್ದು ಸರಿ. ಅಳತೆಗೆ ಕುರ್ತಾ ಇಟ್ಟಿದ್ದೇನೆ. ಸರಿಮಾಡಿ ಕಳಿಸಿ.”

“ಬಂತು ನೋಡಿ!” ರೋಹಿಣಿ ಕುಣಿದೇಬಿಟ್ಟಳು. “ಇವತ್ತೇ ಶುರು ಮಾಡಿ. ಚಂದ ಮಾಡಿ ಕಳಿಸಿ, ಜೊತೆಗೆ ಒಂದು ಮಾತು ಬರೀತೆ, ನಮ್ಮ ಪಾರ್ವತವ್ವನ್ನ ಮೆಟ್ಲ ಕೆಳಗೆ ಬಿಡಿ ಅಂತ. ಈಗ ಇಲ್ಲ ಅನ್ನೂಕೆ ಅವ್ರಿಗೆ ಬಾಯಿ ಬತ್ತದಾ?”

ಪಾರ್ವತವ್ವ ಕುರ್ತಾ ಎತ್ತಿ ತೋಳು ನೋಡಿದಳು. ಮುಂಗೈವರೆಗಿನ ಉದ್ದ ತೋಳು. ನೂರು ಸಲ ಒಗೆದು, ಇಸ್ತ್ರಿ ಹಾಕಿ, ಮೊಣಕೈ ಎಲ್ಲಿ ಮಡಚುತ್ತಿತ್ತು ಎಂಬ ಗುರುತೂ ಉಳಿದಿರಲಿಲ್ಲ. ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು. ಎದುರಿನ ಗಾಜಿನೊಳಗಿನ ಮೆಟ್ಟಿಲನ್ನೂ ಒಂದು ಸಲ ನೋಡಿದಳು. ಆಮೇಲೆ ಎರಡನ್ನೂ ಬಂದ ಮಡಿಕೆಯಲ್ಲೇ ಮಡಚಿ ಪಾರ್ಸೆಲಿನೊಳಗೆ ಇಟ್ಟಳು.

“ಬರಿ. ಮೊಣಕೈ ಬಂದಿಲ್ಲ.”

“ಎಂತ?”

“ಅಷ್ಟ ಬರಿ. ಜಾಕೆಟು ಬಂದೈತಿ, ಕುರ್ತಾ ಬಂದೈತಿ, ಮೊಣಕೈ ಬಂದಿಲ್ಲ.”

“ಪಾರ್ವತವ್ವಾ, ಕಂಪನಿ ಮೇಡಂ ಅವ್ರು! ನಿಮಗೆ ಹುಚ್ಚು. ಒಂದು ಬೆರಳು ಆಚೆ ಈಚೆ ಆದ್ರೆ ಯಾರಿಗೆ ಗೊತ್ತಾಗ್ತದೆ?”

“ಜಲ್ಲಿಗೆ ಗೊತ್ತಾಗತೈತಿ.”

ಕೆರಿಯಪ್ಪ ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದವನು ತಲೆ ಎತ್ತಿದ. “ಬರ್ದುಕೊಡೇ ಹುಡುಗಿ. ಅವಳು ಟೈರಿಗೆ ಹೊಕ್ಕ ಮೊಳೆ, ಇಂಥವು ನಾ ಎಷ್ಟು ಕಿತ್ತಿದ್ದೆ, ಇದು ಬರೂದಿಲ್ಲ.” ರೋಹಿಣಿ ಮೂಗು ಒರೆಸಿಕೊಳ್ಳುತ್ತ ಬರೆದಳು. ಸಂಜೆಯ ಹುಬ್ಬಳ್ಳಿ ಬಸ್ಸಿಗೆ ಪಾರ್ಸೆಲ್ ವಾಪಸು ಹೋಯಿತು.

ಹನ್ನೊಂದು ದಿನ ಯಾವ ಸುದ್ದಿಯೂ ಇಲ್ಲ. ಹನ್ನೆರಡನೆಯ ದಿನ, ಶನಿವಾರ, ಒಂದು ಗಾಡಿ ಬಂದು ಶೋರೂಮಿನ ಮುಂದೆ ನಿಲ್ಲದೆ ತಗಡಿನ ಮುಂದೆ ನಿಂತಿತು. ನಮಿತಾ ಮೇಡಂ ಹೆಲ್ಮೆಟ್ಟು ತೆಗೆದರು.

“ಮೊಣಕೈ ತಂದಿದ್ದೀನಿ ಅಮ್ಮಾ. ಎರಡೂ.”

“ಇಳೀಬ್ಯಾಡ್ರಿ” ಎಂದಳು ಪಾರ್ವತವ್ವ. “ಹಂಗ ಕುಂದ್ರಿ. ಹ್ಯಾಂಡಲ್ ಹಿಡೀರಿ.”

ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ಹಿಡಿದು, ಬೆರಳಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಬಲಗೈ ಆಯಿತು. ಎಡಗೈಗೆ ಬಂದು ಮತ್ತೆ ಬಲಗೈಗೆ ಹೋದಳು, ಮತ್ತೆ ಎಡಗೈಗೆ.

“ಏನಾಯ್ತು?”

“ಎಡಗೈ ಅರ್ಧ ಬೆರಳು ಗಿಡ್ಡ ಐತ್ರಿ. ಅದು ಯಾವ ಕುರ್ತಾದಾಗೂ ಕಾಣಂಗಿಲ್ಲ.”

ಮೇಡಂ ತಮ್ಮ ಎರಡು ಕೈಗಳನ್ನು ಹೊಸದಾಗಿ ಕಂಡವರ ಹಾಗೆ ನೋಡಿಕೊಂಡರು. ರಸ್ತೆಯಾಚೆ ಚಿರಂತನ ಗಾಜಿಗೆ ಮುಖ ಒತ್ತಿ ನಿಂತಿದ್ದ. ರೋಹಿಣಿ ಆಗಲೇ ಅರ್ಧ ರಸ್ತೆ ದಾಟಿದ್ದಳು. ಮೇಡಂ ಹೇಳಿದರು:

“ನಾನು ಮೇಲಿನವರಿಗೆ ಬರೀಬೇಕು ಅಂತ ಮಾಡಿದ್ದೀನಿ. ಅಂಗಡಿಯಲ್ಲೇ ಇಂಥ ಒಬ್ಬರು ಇರಲಿ ಅಂತ. ಅವರು ಒಪ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪಿದರೆ ಬರ್ತೀರಾ?”

ಪಾರ್ವತವ್ವ ತುಟಿಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿದಳು. ಐದು ಇದ್ದವು.

“ಬರ್ತೀನ್ರಿ. ಯಾಕ ಬರಂಗಿಲ್ಲ? ಅಲ್ಲಿ ಫ್ಯಾನ್ ಐತಿ.” ಆಮೇಲೆ ಹೇಳಿದಳು: “ಆದರ ಬರಿಯುವಾಗ ಆ ಎಂಟು ಹೊಲಿಗಿನೂ ಬರೀರಿ. ಅದನ್ನ ಬಿಟ್ಟು ಬರೀಬ್ಯಾಡ್ರಿ.”

ಕಾಗದ ಹೋಗಿದೆಯಂತೆ. ಉತ್ತರ ಇನ್ನೂ ಬಂದಿಲ್ಲ. ಯಂತ್ರ ಇವತ್ತಿಗೂ ಕೆರಿಯಪ್ಪನ ತಗಡಿನ ಕೆಳಗೇ ಇದೆ. ಅಂದು ಮೇಡಂ ಅವರ ತೋಳಿಗೆ ಎರಡನೆಯ ಸೂಜಿ ಚುಚ್ಚುವ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಕಪ್ಪು ಜಾಕೆಟಿನವನೊಬ್ಬ ಭರ್ರೆಂದು ಬಂದ. ಪಾರ್ವತವ್ವ ಕೈಯನ್ನು ಹಾಗೆಯೇ ಹಿಡಿದು, ಅವನು ನಾಕೆಯ ಕಡೆ ತಿರುಗುವವರೆಗೂ ಅವನ ಮೊಣಕೈ ನೋಡಿದಳು.

“ಯಾರು ಅಮ್ಮಾ?”

“ಅವನಲ್ಲ ಬಿಡ್ರಿ” ಎಂದಳು. “ಅಲ್ಲಾಡಬ್ಯಾಡ್ರಿ.”